ನಿಮಗಿದು ಗೊತ್ತೇ? ಪ್ರಿನ್ಸೆಸ್ ಕಟ್ ಉಂಗುರಕ್ಕೆ ಯಾವ ಹರಳು?

ನಿಶ್ಚಿತಾರ್ಥದ ಉಂಗುರಗಳಲ್ಲಿ ಕಾಣುವ ಚೌಕಾಕಾರದ ಪ್ರಿನ್ಸೆಸ್ ಕಟ್‌ಗೆ ರಾಜಮನೆತನದ ಹೆಸರಿದ್ದರೂ ಅದಕ್ಕೇನೂ ಹೆಚ್ಚು ವಯಸ್ಸಾಗಿಲ್ಲ. ಅದು ಜನಪ್ರಿಯವಾದದ್ದು 1980ರ ದಶಕದಲ್ಲಿ. 1981ರಲ್ಲಿ ಬ್ರಿಟನ್ನಿನ ಡಯಾನಾ ತನ್ನ ನಿಶ್ಚಿತಾರ್ಥಕ್ಕೆ ಆರಿಸಿಕೊಂಡದ್ದು ಮೊಟ್ಟೆಯಾಕಾರದ ಸಿಲೋನ್ ನೀಲ. ಮುಂದೆ ನಿಜವಾಗಿಯೂ ರಾಜಕುಮಾರಿಯಾದವಳ ಬೆರಳಿಗೆ ಬಂದದ್ದು ಪ್ರಿನ್ಸೆಸ್ ಕಟ್ ಅಲ್ಲ!

ಅದೇ ತೂಕ, ಅದೇ ಗುಣಮಟ್ಟದ ದುಂಡು ವಜ್ರಕ್ಕಿಂತ ಚೌಕದ್ದು ಸಾಮಾನ್ಯವಾಗಿ ಅಗ್ಗ. ಕಚ್ಚಾ ವಜ್ರ ಎಷ್ಟೋ ಸಲ ಬುಡಕ್ಕೆ ಬುಡ ಕೂಡಿದ ಎರಡು ಪಿರಮಿಡ್‌ಗಳ ಆಕಾರದಲ್ಲಿರುತ್ತದೆ. ನಡುವೆ ಕೊಯ್ದರೆ ಎರಡು ಚೌಕಗಳು ಸಿದ್ಧ, ಪುಡಿಯಾಗಿ ಹೋಗುವುದು ಕಡಿಮೆ. ದುಂಡಗೆ ಉಜ್ಜಲು ಹೊರಟರೆ ಸುಮಾರು ಅರ್ಧ ತೂಕ ಹೋದಂತೆಯೇ.

ತಾಪತ್ರಯವೆಲ್ಲ ಆ ನಾಲ್ಕು ಮೂಲೆಗಳದ್ದು. ಮೋಹ್ಸ್ ಗಡಸುತನದ ಪಟ್ಟಿಯಲ್ಲಿ ವಜ್ರಕ್ಕೆ 10ಕ್ಕೆ 10. ಅಂದರೆ ಗೀರು ಬೀಳದು, ಅಷ್ಟೆ. ಪೆಟ್ಟಿನ ಮಾತೇ ಬೇರೆ: ವಜ್ರದೊಳಗೆ ನಾಲ್ಕು ದಿಕ್ಕಿನಲ್ಲಿ ಸುಲಭವಾಗಿ ಸೀಳುವ ಪದರಗಳಿವೆ. ಅಡುಗೆಮನೆಯ ಗ್ರಾನೈಟ್ ಕಟ್ಟೆಗೆ ಮೂಲೆ ತಗುಲಿದರೆ ಚಕ್ಕೆ ಏಳಬಹುದು. ಅದಕ್ಕೇ ಬಲ್ಲ ಅಕ್ಕಸಾಲಿಗರು ಪ್ರತಿ ಮೂಲೆಯನ್ನೂ ‘ವಿ’ ಆಕಾರದ ಕೊಕ್ಕೆಯಿಂದ ಮುಚ್ಚುತ್ತಾರೆ. ಮೂಲೆ ಬರಿದಾಗಿ ಕಾಣುವ ಡಿಸೈನ್ ಎಷ್ಟೇ ಚೆಂದವಿರಲಿ, ದಿನಬಳಕೆಗೆ ನಾನಂತೂ ಬೇಡವೆನ್ನುತ್ತೇನೆ.

ಬಣ್ಣ ಬೇಕೆನ್ನುವವರಿಗೆ ನೀಲ, ಕೆಂಪು ಒಳ್ಳೆಯ ಆಯ್ಕೆ. ಎರಡೂ ಕುರುಂದ ಎಂಬ ಒಂದೇ ಖನಿಜ, ಗಡಸುತನ 9. ಕ್ರೋಮಿಯಂ ಸೇರಿದರೆ ಕೆಂಪು. ಕಬ್ಬಿಣ, ಟೈಟಾನಿಯಂ ಸೇರಿದರೆ ನೀಲ. ವಜ್ರದಂತೆ ಸೀಳುವ ಸ್ವಭಾವ ಇವಕ್ಕಿಲ್ಲ. ಜಾತಕ ತೋರಿಸದೆ ನೀಲ ತೊಡಬಾರದೆನ್ನುವ ಮನೆಯಾದರೆ ಅದೇ ಕುರುಂದದಲ್ಲಿ ಗುಲಾಬಿ ಬಣ್ಣದ್ದೂ ಸಿಗುತ್ತದೆ, ಹಿರಿಯರ ತಕರಾರು ಇರಲಾರದು!

ಕರ್ನಾಟಕದಲ್ಲಿ ಸಿಗುವ ನಕ್ಷತ್ರ ಕೆಂಪನ್ನು ಮಾತ್ರ ಈ ಕಟ್‌ಗೆ ಕೇಳಬೇಡಿ. ಒಳಗಿನ ಸೂಜಿಯಂಥ ರುಟೈಲ್ ಎಳೆಗಳಿಂದ ಮೂಡುವ ಆರು ಕಿರಣದ ನಕ್ಷತ್ರ ಕಾಣಬೇಕಾದರೆ ಹರಳನ್ನು ಗುಮ್ಮಟದಂತೆ ನುಣ್ಣಗೆ ಉಜ್ಜಬೇಕು. ಮುಖ ಕೊರೆದರೆ ನಕ್ಷತ್ರ ಮಾಯ.

ಪಚ್ಚೆಯೊಳಗೆ ಬಿರುಕುಗಳು ಸಹಜ. ಅವನ್ನು ಮರೆಮಾಚಲು ಎಣ್ಣೆ ತುಂಬುವುದು ಹಳೆಯ ಪದ್ಧತಿ. ಚೂಪು ಮೂಲೆ ಅದಕ್ಕೆ ಒಗ್ಗದು, ಎಮರಾಲ್ಡ್ ಕಟ್‌ನಲ್ಲಿ ನಾಲ್ಕೂ ಮೂಲೆ ಕತ್ತರಿಸಿರುವುದು ಸುಮ್ಮನೆ ಅಲ್ಲ. ಯಂತ್ರದ ಅಲ್ಟ್ರಾಸೋನಿಕ್ ತೊಳೆತವೂ ಬೇಡ.

1967ರಲ್ಲಿ ಟಾಂಜಾನಿಯಾದಲ್ಲಿ ಬೆಳಕಿಗೆ ಬಂದ ಟಾಂಜನೈಟ್ ನೋಡಲು ಬಲು ಸೊಗಸು, ಆದರೆ ಗಡಸುತನ 7ಕ್ಕಿಂತ ಕಡಿಮೆ. ಮನೆಯ ಧೂಳಿನಲ್ಲಿರುವ ಸ್ಫಟಿಕದ ಕಣವೇ 7. ಸೀರೆಯ ಸೆರಗಲ್ಲಿ ಒರೆಸಿದರೂ ಗೀರು ಬೀಳಬಹುದು.

ಒಂದು ಕ್ಯಾರೆಟ್ ಎಂದರೆ 200 ಮಿಲಿಗ್ರಾಂ. ಆದರೆ ನೀಲದ ಸಾಂದ್ರತೆ ವಜ್ರಕ್ಕಿಂತ ಹೆಚ್ಚು. ಒಂದೇ ತೂಕದ್ದಾದರೂ ನೀಲ ಚಿಕ್ಕದಾಗಿ ಕಾಣುತ್ತದೆ. ಅಂಗಡಿಯಲ್ಲಿ ಮಿಲಿಮೀಟರ್ ಅಳತೆಯನ್ನೂ ಕೇಳಿ.

ವಜ್ರದ ಬದಲು ಬರುತ್ತಿರುವ ಮೊಯ್ಸನೈಟ್ ಮೊದಲು ಸಿಕ್ಕಿದ್ದು 1893ರಲ್ಲಿ, ಅಮೆರಿಕದ ಅರಿಜೋನಾದಲ್ಲಿ ಬಿದ್ದ ಉಲ್ಕೆಯ ಮಾದರಿಯೊಳಗೆ. ಇಂದು ಮಾರಾಟವಾಗುವುದೆಲ್ಲ ಪ್ರಯೋಗಾಲಯದ್ದೇ. ಬಿಸಿ ಹರಿಯುವುದನ್ನಷ್ಟೇ ಅಳೆಯುವ ಟೆಸ್ಟರ್ ಇದನ್ನೂ ವಜ್ರವೆಂದೇ ತೋರಿಸುತ್ತದೆ. ಹತ್ತು ಪಟ್ಟಿನ ಭೂತಗನ್ನಡಿ ಹಿಡಿದು ಓರೆಯಾಗಿ ನೋಡಿ: ಹರಳಿನ ಹಿಂಭಾಗದ ಅಂಚುಗಳು ಜೋಡಿಗೆರೆಯಾಗಿ ಕಂಡರೆ ಅದು ವಜ್ರವಲ್ಲ.