ಪೈಥಾನ್‌ನ ಸತ್ತ ಸೆಲ್‌ಗಳು

ಆಟಿಕೆಯ ಪೆಟ್ಟಿಗೆಯಲ್ಲೇ ಸೆಲ್ ಇದ್ದರೆ ಖುಷಿ, ಅಲ್ವಾ ಮಕ್ಕಳೇ? ಪೈಥಾನ್ ಭಾಷೆಯೂ ಹಾಗೆಯೇ. ಮಾಡ್ಯೂಲ್‌ಗಳೆಂಬ ಸಿದ್ಧ ಪ್ರೋಗ್ರಾಂ ತುಣುಕುಗಳು ಅದರ ಜೊತೆಗೇ ಬರುತ್ತವೆ. ಆದರೆ ಸೆಲ್ ಸತ್ತರೆ? ಟೆಲ್ನೆಟ್ ಮಾಡ್ಯೂಲಿನಂಥ ಕೆಲವನ್ನು ಬಳಸೋರು ಕಡಿಮೆಯಾದರು, ನೋಡಿಕೊಳ್ಳೋರೂ ಇಲ್ಲವಾದರು. ತಪ್ಪು ಸಿಕ್ಕರೆ ತಿದ್ದೋದು ಯಾರು? ಮುಕ್ತ ತಂತ್ರಾಂಶವಾದ ಮಾತ್ರಕ್ಕೆ ಅದು ತಾನಾಗಿ ರಿಪೇರಿ ಆಗೋದಿಲ್ಲ.

ಹಾಗಂತ ಥಟ್ಟನೆ ಕಿತ್ತರೆ, ಅದನ್ನೇ ನಂಬಿದ ಪ್ರೋಗ್ರಾಂಗಳು ನಿಂತುಹೋಗುತ್ತವೆ. ಅದಕ್ಕೇ 2022ರ 3.11ನೇ ಆವೃತ್ತಿಯಿಂದ ಎಚ್ಚರಿಕೆ ಕೊಟ್ಟು, 2024ರ 3.13ರಲ್ಲಿ 19 ಮಾಡ್ಯೂಲ್‌ಗಳನ್ನು ತೆಗೆದರು. ಬೇಕಾದವರು ಹಳೆಯ ಕೋಡನ್ನು ಎತ್ತಿಕೊಂಡು ತಾವೇ ನಡೆಸಬಹುದು.

ಸದ್ದಿನ ಫೈಲು ಮಾಡುವ ‘ವೇವ್’ ಹಳೆಯದಾದರೂ ಉಳಿಯಿತು. ಕಾರಣ ಕೇಳಿದರೆ ನಗು ಬರುತ್ತೆ: 9 ವರ್ಷದ ಮಕ್ಕಳೂ ಅದರಿಂದ ಕಂಪ್ಯೂಟರಲ್ಲಿ ಚಿತ್ರವಿಚಿತ್ರ ಸದ್ದು ಹೊರಡಿಸಿ ಪ್ರೋಗ್ರಾಮಿಂಗ್ ಕಲಿಯಬಹುದಂತೆ!