ಕೆರೆ ದಡದ ರಜೆಗೆ ಏನೇನು ಕಟ್ಟಿಕೊಳ್ಳಬೇಕು? ಉಪ್ಪಿನ ಮೂಟೆ ಬೇಡ, ಹಗ್ಗ ಮತ್ತು ಖಾಲಿ ಕ್ಯಾನ್ ಮರೆಯಬೇಡಿ

ನೀರಿನಲ್ಲಿ ಮುಳುಗಿ ಸತ್ತವರನ್ನು ಕೆಲವು ಗಂಟೆ ಉಪ್ಪಿನ ರಾಶಿಯಲ್ಲಿ ಮುಚ್ಚಿಟ್ಟರೆ ಉಪ್ಪು ದೇಹದ ನೀರನ್ನೆಲ್ಲ ಹೀರಿಕೊಂಡು ಜೀವ ಮರಳುತ್ತದೆ ಎಂಬ ಸಂದೇಶ ನಿಮ್ಮ ವಾಟ್ಸಾಪ್ ಗುಂಪಿಗೂ ಬಂದಿರಬಹುದು. ಶಾಲೆಗೆ ರಜೆ ಬಂದಾಗ, ಕೆರೆಕಟ್ಟೆ ತುಂಬಿದಾಗ ಇದು ಮತ್ತೆ ಮತ್ತೆ ತಲೆ ಎತ್ತುತ್ತದೆ. ಕರ್ನಾಟಕದಲ್ಲಿ ಇದನ್ನು ನಂಬಿ ನಡೆದವರೂ ಇದ್ದಾರೆ. 2022ರಲ್ಲಿ ಬಳ್ಳಾರಿ ತಾಲ್ಲೂಕಿನ ಒಂದು ಊರಿನಲ್ಲಿ, 2023ರ ಡಿಸೆಂಬರ್‌ನಲ್ಲಿ ಹಾವೇರಿ ಜಿಲ್ಲೆಯ ಒಂದು ಹಳ್ಳಿಯಲ್ಲಿ, ನೀರಿನಲ್ಲಿ ಮುಳುಗಿದ ಮಕ್ಕಳನ್ನು ಹೆತ್ತವರು ಉಪ್ಪಿನ ರಾಶಿಯಲ್ಲಿಟ್ಟು ಗಂಟೆಗಟ್ಟಲೆ ಕಾದರು. ಯಾವ ಮಗುವೂ ಏಳಲಿಲ್ಲ.

ಹಾಗಾದರೆ ಕೆರೆ ದಡಕ್ಕೆ ಹೋಗುವಾಗ ನಿಜಕ್ಕೂ ಏನನ್ನು ಒಯ್ಯಬೇಕು? ಕೃಷ್ಣರಾಜಪೇಟೆ ತಾಲ್ಲೂಕಿನ ಶೀಳನೆರೆಯಿಂದ ಒಂದು ಕುಟುಂಬ ರಜೆಗೆ ಹೊರಟಿದೆ ಎಂದಿಟ್ಟುಕೊಂಡು ನಾವು ಈ ಪಟ್ಟಿ ಮಾಡಿದ್ದೇವೆ. ಒಂದೇ ದಿನದಲ್ಲಿ ಹೋಗಿ ಬರುವಷ್ಟು ದೂರದಲ್ಲಿ ಪಾಂಡವಪುರ ತಾಲ್ಲೂಕಿನ ತೊಣ್ಣೂರು ಕೆರೆ ಇದೆ, ಹೇಮಾವತಿ ದಡದ ವರಾಹನಾಥ ಕಲ್ಲಹಳ್ಳಿ ಇದೆ, ಕೆಆರ್‌ಎಸ್ ಹಿನ್ನೀರಿನ ಹೊಸ ಕನ್ನಂಬಾಡಿ ಇದೆ, ಶ್ರೀರಂಗಪಟ್ಟಣದ ಕಾವೇರಿ ಸ್ನಾನಘಟ್ಟಗಳಿವೆ. ನಿಮ್ಮ ಊರು ಬೇರೆಯಾದರೂ ಪಟ್ಟಿ ಹೆಚ್ಚು ಬದಲಾಗುವುದಿಲ್ಲ.

ಉಪ್ಪು ಯಾಕೆ ಕೆಲಸ ಮಾಡುವುದಿಲ್ಲ?

ಈ ಸಂದೇಶ ನಂಬುವಂತೆ ಕಾಣಲು ಎರಡು ಕಾರಣಗಳಿವೆ. ಮೊದಲನೆಯದು, ಮಿಡಿ ಮಾವಿಗೆ ಉಪ್ಪು ಹಾಕಿದರೆ ಅದು ನೀರು ಬಿಡುವುದನ್ನು ನಾವೆಲ್ಲ ಮನೆಯಲ್ಲಿ ನೋಡಿದ್ದೇವೆ. ಆದರೆ ಮಿಡಿ ಸೊರಗಲು ದಿನಗಳು ಬೇಕು. ಉಸಿರು ನಿಂತ ಮನುಷ್ಯನ ಮಿದುಳಿಗೆ ಇರುವುದು ನಿಮಿಷಗಳ ಲೆಕ್ಕ. ಆಮ್ಲಜನಕ ಸಿಗದೆ ನಾಲ್ಕರಿಂದ ಆರು ನಿಮಿಷವಾಗುವ ಹೊತ್ತಿಗೆ ಮಿದುಳಿಗೆ ಹಾನಿ ಶುರುವಾಗುತ್ತದೆ. ಚರ್ಮದ ಮೇಲೆ ಸುರಿದ ಉಪ್ಪು ಶ್ವಾಸಕೋಶದೊಳಗಿನ ನೀರನ್ನು ಹೀರಲಾರದು.

ಎರಡನೆಯದು ನೊಣದ ವಿಡಿಯೊ. ನೀರಿನಲ್ಲಿ ಮುಳುಗಿ ಸತ್ತಂತೆ ಕಂಡ ನೊಣದ ಮೇಲೆ ಉಪ್ಪು ಹಾಕಿದರೆ ಅದು ಎದ್ದು ಹಾರುತ್ತದೆ. ಇದು ಸುಳ್ಳಲ್ಲ. ಆದರೆ ನೊಣ ಸತ್ತೇ ಇರುವುದಿಲ್ಲ. ನೊಣಗಳಿಗೆ ನಮ್ಮಂಥ ಶ್ವಾಸಕೋಶವಿಲ್ಲ. ಮೈಮೇಲಿನ ಸಣ್ಣ ರಂಧ್ರಗಳ ಮೂಲಕ ಗಾಳಿ ನೇರವಾಗಿ ಒಳಗೆ ಹೋಗುತ್ತದೆ. ಗಾಳಿ ಸಿಗದಿದ್ದರೆ ಅವು ನಿಶ್ಚಲವಾಗಿ ಬಹಳ ಹೊತ್ತು ಬದುಕಿರಬಲ್ಲವು, ಮೈ ಒಣಗಿದ ಮೇಲೆ ಎದ್ದೇಳುತ್ತವೆ. ಮನುಷ್ಯನ ಮಿದುಳಿಗೆ ಆ ಶಕ್ತಿ ಇಲ್ಲ.

ಉಪ್ಪು ಹುಡುಕುತ್ತಾ ಕಳೆದ ಪ್ರತಿ ನಿಮಿಷವೂ ಬದುಕಿಸಬಹುದಾಗಿದ್ದ ನಿಮಿಷ. ಈ ಸಂದೇಶ ಅಪಾಯಕಾರಿ ಎನ್ನಲು ಇದೇ ಕಾರಣ.

ಯಾವ ಕಾಲದಲ್ಲೂ ಬೇಕಾದ ವಸ್ತುಗಳು

ಹಗ್ಗ ಮತ್ತು ಖಾಲಿ ಕ್ಯಾನ್: ಹದಿನೈದು ಮೀಟರ್ ಗಟ್ಟಿ ಹಗ್ಗ, ಮುಚ್ಚಳ ಭದ್ರವಾಗಿರುವ ಐದು ಲೀಟರಿನ ಪ್ಲಾಸ್ಟಿಕ್ ಕ್ಯಾನ್ ಒಯ್ಯಿರಿ. ಗಾಳಿ ತುಂಬಿದ ಐದು ಲೀಟರ್ ಕ್ಯಾನ್ ನೀರಿನಲ್ಲಿ ಸುಮಾರು ಐದು ಕೆಜಿ ಭಾರವನ್ನು ಎತ್ತಿ ಹಿಡಿಯುತ್ತದೆ. ನೀರಿನಲ್ಲಿ ನಮ್ಮ ದೇಹ ಬಹುಪಾಲು ತೂಕ ಕಳೆದುಕೊಂಡಿರುತ್ತದೆ, ಹಾಗಾಗಿ ಬಾಯಿ ಮೂಗು ಮೇಲಿರಲು ಅಷ್ಟು ಆಸರೆ ಸಾಮಾನ್ಯವಾಗಿ ಸಾಕು. ಹಿಂದೆ ಹಳ್ಳಿಗಳಲ್ಲಿ ಬೆಂಡು, ಸೋರೆ ಬುರುಡೆ ಕಟ್ಟಿಕೊಂಡು ಈಜು ಕಲಿಯುತ್ತಿದ್ದುದರ ಹಿಂದೆ ಇದ್ದದ್ದೂ ಇದೇ ಲೆಕ್ಕ. ಹಗ್ಗದ ಒಂದು ತುದಿಯನ್ನು ಕ್ಯಾನಿನ ಹಿಡಿಗೆ ಮನೆಯಲ್ಲೇ ಕಟ್ಟಿಬಿಡಿ. ಒಳಗೆ ಒಂದು ಲೋಟ ನೀರು ಹಾಕಿದರೆ ದೂರ ಎಸೆಯಲು ಅನುಕೂಲ. ನೆನಪಿರಲಿ, ಇದು ಎಸೆಯುವುದಕ್ಕೆ. ಇದನ್ನು ಕಟ್ಟಿಕೊಂಡು ಆಳಕ್ಕೆ ಇಳಿಯುವುದಕ್ಕಲ್ಲ.

ಲೈಫ್ ಜಾಕೆಟ್: ದೋಣಿ, ತೆಪ್ಪ ಹತ್ತುವ ಯೋಚನೆ ಇದ್ದರೆ ಇದು ಬೇಕೇ ಬೇಕು. ಅಳತೆ ಸರಿಯಾಗಿರಲಿ, ಪಟ್ಟಿಗಳನ್ನು ಬಿಗಿಯಾಗಿ ಕಟ್ಟಿಕೊಳ್ಳಿ. ದೊಡ್ಡವರ ಜಾಕೆಟ್ ಹಾಕಿದ ಮಗು ಅದರೊಳಗಿಂದ ಜಾರಿ ಹೋಗಬಹುದು. ಗಾಳಿ ಊದಿದ ಆಟಿಕೆಗಳು, ಟೈರ್ ಟ್ಯೂಬ್‌ಗಳು ಲೈಫ್ ಜಾಕೆಟ್ ಅಲ್ಲ. ಅವು ಪಂಕ್ಚರ್ ಆಗುತ್ತವೆ, ಮಗುಚುತ್ತವೆ, ಗಾಳಿಗೆ ಕೆರೆ ನಡುವಿಗೆ ತೇಲಿ ಹೋಗುತ್ತವೆ.

ಚಾರ್ಜ್ ಆದ ಮೊಬೈಲ್: ನೀರು ಸೋಕದ ಕವರಿನಲ್ಲಿ ಇಡಿ. 112 ಮತ್ತು 108 ಎರಡೂ ಸಂಖ್ಯೆ ಮಕ್ಕಳಿಗೂ ಗೊತ್ತಿರಲಿ. ಹೋದ ಕೂಡಲೇ ಆ ಜಾಗದ ಹೆಸರು, ಹತ್ತಿರದ ಊರು ಯಾವುದೆಂದು ಕೇಳಿಟ್ಟುಕೊಳ್ಳಿ. ಆಂಬ್ಯುಲೆನ್ಸ್‌ಗೆ ದಾರಿ ಹೇಳುವಾಗ ಅದೇ ಬೇಕಾಗುವುದು.

ಕುಡಿಯುವ ನೀರು: ತೊಣ್ಣೂರು ಕೆರೆಗೆ ಮೋತಿ ತಲಾಬ್, ಅಂದರೆ ಮುತ್ತಿನ ಕೆರೆ ಎಂಬ ಹೆಸರೂ ಇದೆ. ಆ ಹೆಸರು ಬಂದದ್ದು ಅದರ ತಿಳಿನೀರಿನಿಂದ. ಆದರೆ ತಿಳಿಯಾಗಿದ್ದ ಮಾತ್ರಕ್ಕೆ ಯಾವ ಕೆರೆಯ ನೀರೂ ಕುಡಿಯಲು ಯೋಗ್ಯವಲ್ಲ. ರೋಗಾಣುಗಳು ಕಣ್ಣಿಗೆ ಕಾಣುವುದಿಲ್ಲ.

ಟಾರ್ಚ್, ಗಾಯಕ್ಕೆ ಬ್ಯಾಂಡೇಜ್, ಹಿಡಿತವಿರುವ ಚಪ್ಪಲಿ, ಒಂದು ಜೊತೆ ಒಣ ಬಟ್ಟೆ, ದಿನವೂ ತೆಗೆದುಕೊಳ್ಳುವ ಮಾತ್ರೆಗಳು: ಇವು ಎಲ್ಲ ಕಾಲಕ್ಕೂ ಸಲ್ಲುತ್ತವೆ.

ಬೇಸಿಗೆಯಲ್ಲಿ: ಬಿಸಿಲು, ಕೆಸರು, ಸಿಡಿಲು

ಟೋಪಿ, ತೆಳು ಹತ್ತಿ ಬಟ್ಟೆ, ತಲೆಗೆ ಹೊದ್ದುಕೊಳ್ಳಲು ಟವೆಲ್, ಒಆರ್‌ಎಸ್ ಪೊಟ್ಟಣ ಇರಲಿ. ಪೊಟ್ಟಣ ಸಿಗದಿದ್ದರೆ ಒಂದು ಲೀಟರ್ ಶುದ್ಧ ನೀರಿಗೆ ಆರು ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು ಹಾಕಿ ಕರಗಿಸಿ. ಚಮಚಗಳು ಮಟ್ಟಸವಾಗಿರಲಿ. ಕೆರೆ ಪ್ರವಾಸಕ್ಕೆ ಉಪ್ಪಿನ ನಿಜವಾದ ಉಪಯೋಗ ಇಷ್ಟೇ.

ಕೆಆರ್‌ಎಸ್ ಮಟ್ಟ ಇಳಿದಾಗ ಹಿನ್ನೀರಿನ ಅಂಚಿನಲ್ಲಿ ಕೆಸರು ತೆರೆದುಕೊಳ್ಳುತ್ತದೆ. ಮೇಲೆ ಒಣಗಿ ಬಿರಿದಂತೆ ಕಂಡರೂ ಒಳಗೆ ಹಸಿ ಇರುತ್ತದೆ, ಕಾಲಿಟ್ಟರೆ ಮೊಣಕಾಲುವರೆಗೆ ಹೂತುಹೋಗಬಹುದು. ಹೂಳು, ಗೋಡುಮಣ್ಣು ತೆಗೆದ ಕೆರೆಗಳಲ್ಲಿ ಇನ್ನೊಂದು ಅಪಾಯವಿದೆ. ಜೆಸಿಬಿ ತೋಡಿದ ಗುಂಡಿಗಳು ಮಳೆ ಬಂದ ಮೇಲೆ ನೀರಿನಡಿ ಮರೆಯಾಗುತ್ತವೆ. ಸೊಂಟದ ಮಟ್ಟದ ನೀರಿನಲ್ಲಿ ನಡೆಯುತ್ತಿದ್ದವರಿಗೆ ಮುಂದಿನ ಹೆಜ್ಜೆಗೆ ನೆಲವೇ ಸಿಗುವುದಿಲ್ಲ.

ಏಪ್ರಿಲ್, ಮೇ ತಿಂಗಳ ಸಂಜೆ ಮಳೆಗೆ ಸಿಡಿಲು ಜೊತೆಯಾಗಿ ಬರುತ್ತದೆ. ಗುಡುಗು ಕೇಳಿಸಿತೆಂದರೆ ಸಿಡಿಲು ಬಡಿಯಬಹುದಾದ ದೂರದಲ್ಲೇ ನೀವಿದ್ದೀರಿ ಎಂದರ್ಥ. ತಕ್ಷಣ ನೀರಿನಿಂದ ಮೇಲೆ ಬನ್ನಿ. ಮರದಡಿ ನಿಲ್ಲದೆ ಪಕ್ಕಾ ಕಟ್ಟಡಕ್ಕೋ ಮುಚ್ಚಿದ ವಾಹನಕ್ಕೋ ಸೇರಿಕೊಳ್ಳಿ. ಕೊನೆಯ ಗುಡುಗಿನ ನಂತರ 30 ನಿಮಿಷ ಕಾಯಿರಿ.

ಮಳೆಗಾಲದಲ್ಲಿ: ಇಲ್ಲಿ ಬಿಸಿಲಿದ್ದರೂ ಹೊಳೆ ಏರಬಹುದು

ಕಾವೇರಿಯ ನೀರು ಬರುವುದು ಕೊಡಗಿನ ಮಳೆಯಿಂದ, ಹೇಮಾವತಿಯ ನೀರು ಮಲೆನಾಡಿನ ಮಳೆಯಿಂದ. ಕೆಆರ್‌ಎಸ್ 124.80 ಅಡಿಯ ಪೂರ್ಣ ಮಟ್ಟದ ಹತ್ತಿರ ಬಂದಾಗ ಗೇಟ್ ತೆರೆದು ನೀರು ಹೊರಗೆ ಬಿಡುತ್ತಾರೆ. ಆಗ ಶ್ರೀರಂಗಪಟ್ಟಣದಲ್ಲಿ ಒಂದು ಹನಿ ಮಳೆ ಇಲ್ಲದಿದ್ದರೂ ಹೊಳೆ ಏರುತ್ತದೆ. ಹೊರಡುವ ಮುನ್ನ ಅಣೆಕಟ್ಟೆಯ ಮಟ್ಟ, ಹೊರಹರಿವು ಎಷ್ಟಿದೆ ಎಂದು ಅಂದಿನ ಸುದ್ದಿಯಲ್ಲಿ ನೋಡಿಕೊಳ್ಳಿ.

ಕೋಡಿ ಬಿದ್ದ ಕೆರೆ ನೋಡಲು ಚೆಂದ, ಆದರೆ ಹರಿಯುವ ಕೋಡಿಯನ್ನು ದಾಟಬೇಡಿ. ಪಾಚಿ ಕಟ್ಟಿದ ಕಲ್ಲಿನ ಮೇಲೆ ಮೊಣಕಾಲು ಮಟ್ಟದ ಹರಿವೂ ಆಳನ್ನು ಕೆಡವುತ್ತದೆ. ತೂಬಿನ ಹತ್ತಿರವೂ ಇಳಿಯಬೇಡಿ. ಮೇಲೆ ನಿಂತ ನೀರಿನಂತೆ ಕಂಡರೂ ಕೆಳಗೆ ಸೆಳೆತ ಇರುತ್ತದೆ.

ಮಳೆಗಾಲದಲ್ಲಿ ಕಾಲು ಮುಚ್ಚುವ ಬೂಟು ಒಯ್ಯಿರಿ, ಕತ್ತಲಾದ ಮೇಲೆ ಟಾರ್ಚ್ ಇಲ್ಲದೆ ಏರಿಯ ಮೇಲೆ ನಡೆಯಬೇಡಿ. ಹಾವು ಕಚ್ಚಿದರೆ ಕೊಯ್ಯುವುದು, ಬಾಯಿಂದ ಹೀರುವುದು, ಬಿಗಿಯಾಗಿ ಹಗ್ಗ ಕಟ್ಟುವುದು ಯಾವುದೂ ಬೇಡ. ಉಂಗುರ, ಕಾಲುಂಗುರ ತೆಗೆದು, ಕಚ್ಚಿದ ಭಾಗ ಅಲುಗಾಡದಂತೆ ಇಟ್ಟು ನೇರ ಆಸ್ಪತ್ರೆಗೆ ಕರೆದೊಯ್ಯಿರಿ.

ಚಳಿಗಾಲದಲ್ಲಿ: ಮಂಜು, ಹಕ್ಕಿಗಳು, ಬೇಗ ಬರುವ ಕತ್ತಲು

ಸ್ವೆಟರ್, ಸೊಳ್ಳೆ ಮುಲಾಮು, ಸಾಧ್ಯವಿದ್ದರೆ ಬೈನಾಕ್ಯುಲರ್ ಇರಲಿ. ಈ ಕಾಲದಲ್ಲಿ ಮೈಸೂರು, ಮಂಡ್ಯ ಭಾಗದ ಕೆರೆಗಳಿಗೆ ಪಟ್ಟೆತಲೆ ಹೆಬ್ಬಾತುಗಳಂಥ ವಲಸೆ ಹಕ್ಕಿಗಳು ಬರುತ್ತವೆ. ಫೋಟೊಗಾಗಿ ಹಿಂದೆ ಹಿಂದೆ ಹೆಜ್ಜೆ ಇಡುವ ಅಭ್ಯಾಸ ಮಾತ್ರ ಬೇಡ. ಒದ್ದೆ ಬಟ್ಟೆಯಲ್ಲಿ ನಡುಗುವ ಮಕ್ಕಳನ್ನು ಬೇಗ ಒರೆಸಿ ಬೆಚ್ಚಗಿಡಿ. ರಂಗನತಿಟ್ಟಿನ ಸುತ್ತಲಿನ ಕಾವೇರಿಯಲ್ಲಿ ಮೊಸಳೆಗಳಿವೆ. ಎಚ್ಚರಿಕೆ ಫಲಕ ಇದ್ದಲ್ಲಿ ಕಾಲು ತೊಳೆಯಲೂ ಇಳಿಯಬೇಡಿ.

ನಂಬಬಾರದ ಇನ್ನೂ ಮೂರು ಮಾತು

"ತಳ ಕಾಣುತ್ತಿದೆ, ಆಳ ಇಲ್ಲ." ಬೆಳಕು ನೀರಿನಿಂದ ಗಾಳಿಗೆ ಬರುವಾಗ ಬಾಗುತ್ತದೆ. ಹಾಗಾಗಿ ಮೇಲಿಂದ ನೋಡಿದಾಗ ನೀರಿನ ಆಳ ಇರುವುದಕ್ಕಿಂತ ಸುಮಾರು ಕಾಲು ಭಾಗ ಕಡಿಮೆ ಕಾಣುತ್ತದೆ. ಎಂಟು ಅಡಿ ಆಳದ ನೀರು ಆರು ಅಡಿಯಂತೆ ತೋರುತ್ತದೆ. ತೊಣ್ಣೂರಿನಂಥ ತಿಳಿನೀರಿನ ಕೆರೆಯಲ್ಲಿ ಮೋಸ ಹೋಗುವುದು ಹೀಗೆ.

"ಊಟ ಮಾಡಿ ನೀರಿಗಿಳಿದರೆ ಮುಳುಗುತ್ತಾರೆ." ಇದಕ್ಕೆ ವೈಜ್ಞಾನಿಕ ಆಧಾರವಿಲ್ಲ. ಪುಳಿಯೋಗರೆ, ಮೊಸರನ್ನ ತಿಂದದ್ದರಿಂದ ಯಾರೂ ಮುಳುಗುವುದಿಲ್ಲ. ಮದ್ಯ ಕುಡಿದು ಇಳಿಯುವುದು ಮಾತ್ರ ನಿಜಕ್ಕೂ ಅಪಾಯ.

"ಈಜು ಬರುವವರು ಜೊತೆಗಿದ್ದಾರೆ, ಭಯವಿಲ್ಲ." ಮುಳುಗುವವರು ಸಿನಿಮಾದಲ್ಲಿ ತೋರಿಸುವಂತೆ ಕೂಗಿ ಕೈ ಬೀಸುವುದು ಕಡಿಮೆ. ಉಸಿರಿಗೇ ಪರದಾಡುವಾಗ ಕೂಗಲು ಉಸಿರಿರುವುದಿಲ್ಲ, ಸದ್ದಿಲ್ಲದೆ ಮುಳುಗುತ್ತಾರೆ. ಹತ್ತಿರ ಹೋದವರನ್ನು ಗಾಬರಿಯಲ್ಲಿ ತಬ್ಬಿ ಹಿಡಿಯುತ್ತಾರೆ. 2019ರ ಅಕ್ಟೋಬರ್‌ನಲ್ಲಿ ತಮಿಳುನಾಡಿನ ಕೃಷ್ಣಗಿರಿ ಜಿಲ್ಲೆಯ ಪಾಂಬಾರ್ ಅಣೆಕಟ್ಟೆಯಲ್ಲಿ ಸೆಲ್ಫಿಗೆಂದು ಕೈಕೈ ಹಿಡಿದು ನಿಂತಿದ್ದ ಒಂದೇ ಕುಟುಂಬದ ನಾಲ್ವರು ನೀರುಪಾಲಾದರು. ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ 2021ರಲ್ಲಿ ಜಗತ್ತಿನಲ್ಲಿ ಸುಮಾರು 3 ಲಕ್ಷ ಜನ ಮುಳುಗಿ ಸತ್ತಿದ್ದಾರೆ. ಹಾಗಾಗಿ ಮಕ್ಕಳು ನೀರಿನ ಹತ್ತಿರ ಇರುವಷ್ಟು ಹೊತ್ತೂ ಒಬ್ಬ ದೊಡ್ಡವರು ಮೊಬೈಲ್ ನೋಡದೆ, ಕೈಗೆ ಎಟಕುವ ದೂರದಲ್ಲಿ ಇರಲೇಬೇಕು. ಅರ್ಧ ಗಂಟೆಗೊಮ್ಮೆ ಸರದಿ ಬದಲಿಸಿಕೊಳ್ಳಿ.

ಯಾರಾದರೂ ಮುಳುಗುತ್ತಿದ್ದರೆ ಏನು ಮಾಡಬೇಕು?

ನೀವು ನೀರಿಗೆ ಹಾರಬೇಡಿ. ಕ್ಯಾನ್ ಕಟ್ಟಿದ ಹಗ್ಗ ಎಸೆಯಿರಿ. ಹಗ್ಗ ಇಲ್ಲದಿದ್ದರೆ ಉದ್ದದ ಕೋಲು ಚಾಚಿ, ಸೀರೆ, ಪಂಚೆ ಎಸೆಯಿರಿ. ಒಂದು ಸೀರೆ ಸುಮಾರು ಐದೂವರೆ ಮೀಟರ್ ಉದ್ದ, ಎರಡನ್ನು ಗಂಟು ಹಾಕಿದರೆ ಹತ್ತು ಮೀಟರ್ ಹತ್ತಿರ ಬರುತ್ತದೆ. ನೀವೇ ಜಾರದಂತೆ ದಡದಲ್ಲಿ ಮಲಗಿ ಎಳೆಯಿರಿ. ಅಕ್ಕಪಕ್ಕದವರನ್ನು ಕೂಗಿ ಕರೆಯಿರಿ.

ಮೇಲೆ ತಂದ ಮೇಲೆ ತಲೆಕೆಳಗು ಮಾಡಿ ತಿರುಗಿಸುವುದು, ಹೊಟ್ಟೆ ಒತ್ತಿ ನೀರು ಕಕ್ಕಿಸುವುದು ಬೇಡ. ಹೊಟ್ಟೆಯಲ್ಲಿರುವುದು ಶ್ವಾಸಕೋಶಕ್ಕೆ ಹೋಗುವ ಅಪಾಯವಿದೆ, ಸಮಯವೂ ಹಾಳು. ಅಂಗಾತ ಮಲಗಿಸಿ, ಭುಜ ತಟ್ಟಿ ಮಾತಾಡಿಸಿ. ಉತ್ತರವಿಲ್ಲ, ಸರಿಯಾದ ಉಸಿರಾಟವೂ ಇಲ್ಲ ಎಂದರೆ ಒಬ್ಬರು 108ಕ್ಕೆ ಕರೆ ಮಾಡಲಿ, ಇನ್ನೊಬ್ಬರು ಸಿಪಿಆರ್ ಆರಂಭಿಸಲಿ. ತಲೆಯನ್ನು ತುಸು ಹಿಂದಕ್ಕೆ ಬಾಗಿಸಿ, ಗಲ್ಲ ಎತ್ತಿ, ಮೂಗು ಮುಚ್ಚಿ, ಎದೆ ಏರುವಂತೆ ಬಾಯಿಗೆ ಎರಡು ಸಲ ಉಸಿರು ಊದಿ. ನಂತರ ಎದೆಯ ನಡುವೆ ಗಟ್ಟಿಯಾಗಿ 30 ಸಲ ಒತ್ತಿ. ದೊಡ್ಡವರಿಗೆ ಸುಮಾರು ಐದು ಸೆಂಟಿಮೀಟರ್ ಆಳ, ನಿಮಿಷಕ್ಕೆ 100ರಿಂದ 120ರ ವೇಗ. ಮತ್ತೆ ಎರಡು ಉಸಿರು, ಮತ್ತೆ 30 ಒತ್ತು. ಆಂಬ್ಯುಲೆನ್ಸ್ ಬರುವವರೆಗೂ, ಉಸಿರು ಮರಳುವವರೆಗೂ ನಿಲ್ಲಿಸಬೇಡಿ. ಉಸಿರು ಊದಲು ಆಗದಿದ್ದರೆ ಒತ್ತುವುದನ್ನಾದರೂ ಮಾಡಿ. ವಾಂತಿ ಬಂದರೆ ಪಕ್ಕಕ್ಕೆ ಹೊರಳಿಸಿ ಬಾಯಿ ಒರೆಸಿ.

ಎದ್ದು ಕುಳಿತು ಮಾತಾಡಿದರೂ ಆಸ್ಪತ್ರೆಗೆ ಕರೆದೊಯ್ಯಲೇಬೇಕು. ಶ್ವಾಸಕೋಶಕ್ಕೆ ಹೋದ ನೀರಿನ ತೊಂದರೆ ಕೆಲವು ಗಂಟೆ ಬಿಟ್ಟೂ ಹೆಚ್ಚಬಹುದು. ಸಿಪಿಆರ್ ಅನ್ನು ಓದಿ ತಿಳಿಯುವುದಕ್ಕಿಂತ ಮಾಡಿ ಕಲಿಯುವುದು ಮೇಲು. ತರಬೇತಿ ಸಿಕ್ಕರೆ ಬಿಡಬೇಡಿ.

ಗುಂಪಿಗೆ ಕಳಿಸಲು ಚಿಕ್ಕ ಪಟ್ಟಿ

1. ಹದಿನೈದು ಮೀಟರ್ ಹಗ್ಗ, ಮುಚ್ಚಳ ಭದ್ರವಿರುವ 5 ಲೀಟರ್ ಖಾಲಿ ಕ್ಯಾನ್.
2. ದೋಣಿ ಹತ್ತುವುದಾದರೆ ಅಳತೆಗೆ ತಕ್ಕ ಲೈಫ್ ಜಾಕೆಟ್.
3. ಕುಡಿಯುವ ನೀರು, ಒಆರ್‌ಎಸ್, ಟೋಪಿ.
4. ಟಾರ್ಚ್, ಹಿಡಿತವಿರುವ ಚಪ್ಪಲಿ ಅಥವಾ ಬೂಟು, ಒಣ ಬಟ್ಟೆ, ಬ್ಯಾಂಡೇಜ್, ಮಾತ್ರೆ.
5. ಮಳೆಗಾಲದಲ್ಲಿ ಅಣೆಕಟ್ಟೆಯ ಹೊರಹರಿವಿನ ಮಾಹಿತಿ, ಚಳಿಗಾಲದಲ್ಲಿ ಸ್ವೆಟರ್.
6. ಚಾರ್ಜ್ ಆದ ಮೊಬೈಲ್, 112 ಮತ್ತು 108.
7. ಮಕ್ಕಳ ಮೇಲೆ ಕಣ್ಣಿಡಲು ಸರದಿಯಲ್ಲಿ ಒಬ್ಬ ದೊಡ್ಡವರು.
8. ಮುಳುಗಿದವರಿಗೆ ಉಪ್ಪು ಬೇಡ. ಉಸಿರು ಕೊಡಿ, ಎದೆ ಒತ್ತಿ, ಆಂಬ್ಯುಲೆನ್ಸ್ ಕರೆಯಿರಿ.

ಉಪ್ಪಿನ ಸಂದೇಶ ನಿಮ್ಮ ಗುಂಪಿಗೆ ಮತ್ತೆ ಬಂದರೆ ಕಳಿಸಿದವರ ಮೇಲೆ ರೇಗಬೇಡಿ. ಒಳ್ಳೆಯದಾಗಲಿ ಎಂದೇ ಅವರು ಕಳಿಸಿರುತ್ತಾರೆ. ಅದರ ಕೆಳಗೆ ಈ ಎಂಟು ಸಾಲು ಹಾಕಿ.