ಹೇಸರಗತ್ತೆಗಳೇ ಟ್ಯಾಕ್ಸಿಗಳಾದ ಹೈಡ್ರಾ ದ್ವೀಪ

ಗ್ರೀಸ್ ದೇಶದ ರಾಜಧಾನಿ ಅಥೆನ್ಸ್‌ಗೆ ಹೊಂದಿಕೊಂಡಿರುವ ಪಿರೇಯಸ್ ಬಂದರು ಸದಾ ಗಿಜಿಗುಡುವ ಜಾಗ. ಲಾರಿ, ಬಸ್ಸು, ಕಾರು, ಹಡಗುಗಳ ಗದ್ದಲದಲ್ಲಿ ಪಕ್ಕದವರೊಡನೆ ಮಾತನಾಡಲೂ ದನಿ ಏರಿಸಬೇಕು. ಅಲ್ಲಿಂದ ವೇಗದ ಹಡಗು ಹತ್ತಿದರೆ ಸುಮಾರು ಎರಡು ಗಂಟೆಯೊಳಗೆ ಹೈಡ್ರಾ ದ್ವೀಪ. ದಡಕ್ಕಿಳಿದವರ ಕಣ್ಣಿಗೆ ಬೀಳುವುದು ತಡಿ ಹೊತ್ತು ಸಾಲಾಗಿ ನಿಂತ ಹೇಸರಗತ್ತೆಗಳು. ಈ ಊರಿನ ಟ್ಯಾಕ್ಸಿ ನಿಲ್ದಾಣ ಎಂದರೆ ಅದೇ!

ಸುಮಾರು 50 ಚದರ ಕಿಲೋಮೀಟರ್ ವಿಸ್ತೀರ್ಣ, ಎರಡು ಸಾವಿರದಷ್ಟು ಜನಸಂಖ್ಯೆ ಇರುವ ಈ ದ್ವೀಪದಲ್ಲಿ ಕಾರು, ಸ್ಕೂಟರುಗಳಿಗೆ ಕಾನೂನಿನ ನಿಷೇಧವಿದೆ. ಕಸ ಸಾಗಿಸುವ ಲಾರಿ, ತುರ್ತು ಸೇವೆಯ ವಾಹನದಂಥ ಕೆಲವೇ ಕೆಲವಕ್ಕೆ ವಿನಾಯಿತಿ. ಉಳಿದಂತೆ ಎಲ್ಲರೂ ನಡೆಯಬೇಕು, ಇಲ್ಲವೇ ಪ್ರಾಣಿಯ ಬೆನ್ನೇರಬೇಕು. ದೂರದ ಕಡಲತೀರಗಳಿಗೆ ಹೋಗಲು ಬಾಡಿಗೆ ದೋಣಿಗಳುಂಟು.

ಹೈಡ್ರಾ ಎಂದೊಡನೆ ವಿದ್ಯಾರ್ಥಿಗಳಿಗೆ ಜೀವಶಾಸ್ತ್ರ ಪಾಠದಲ್ಲಿ ಮೊಗ್ಗುವಿಕೆಯಿಂದ ಮರಿ ಮಾಡುವ ಕೊಳದ ಜೀವಿ ನೆನಪಾದೀತು. ಆ ಜೀವಿಗೆ ಹೆಸರು ಬಂದದ್ದು ಗ್ರೀಕ್ ಪುರಾಣದ ಹಲವು ತಲೆಗಳ ಸರ್ಪದಿಂದ. ದ್ವೀಪದ ಹೆಸರಿನ ಕಥೆ ಬೇರೆ. ಪ್ರಾಚೀನ ಕಾಲದಲ್ಲಿ ಇಲ್ಲಿ ನೀರಿನ ಬುಗ್ಗೆಗಳಿದ್ದವಂತೆ, ಅದಕ್ಕೇ ಈ ಹೆಸರು. ಆದರೂ ಎರಡರ ಬೇರು ಒಂದೇ, ನೀರು ಎಂಬರ್ಥದ ಗ್ರೀಕ್ ಪದ. ಹೈಡ್ರೋಜನ್ ಎಂಬುದರಲ್ಲಿ ಇರುವುದೂ ಅದೇ. ಕನ್ನಡದವರು ಅದನ್ನು ಜಲಜನಕ ಎಂದು ಸೊಗಸಾಗಿ ಕರೆದಿದ್ದಾರೆ. ವಿಪರ್ಯಾಸವೆಂದರೆ ನೀರಿನ ಹೆಸರಿನ ಈ ದ್ವೀಪ ಇಂದು ಒಣ ಬಂಡೆ. ಬಹುಕಾಲ ಕುಡಿಯುವ ನೀರೂ ಹಡಗಿನಲ್ಲೇ ಬರುತ್ತಿತ್ತು. ಈಗ ಸಮುದ್ರದ ನೀರಿನಿಂದ ಉಪ್ಪು ಬೇರ್ಪಡಿಸುವ ಘಟಕವಿದೆ.

ಬೆಳೆ ಬಾರದ ನೆಲವಾದ್ದರಿಂದ ಇಲ್ಲಿನವರು ಕಡಲನ್ನೇ ನಂಬಿದರು. ನೆಪೋಲಿಯನ್ ಯುದ್ಧಗಳ ಕಾಲದಲ್ಲಿ ದಿಗ್ಬಂಧನ ಭೇದಿಸಿ ಧಾನ್ಯ ಸಾಗಿಸಿ ಶ್ರೀಮಂತರಾದರು. 1821ರಲ್ಲಿ ತುರ್ಕರ ಆಳ್ವಿಕೆಯ ವಿರುದ್ಧ ಗ್ರೀಕರು ಸ್ವಾತಂತ್ರ್ಯ ಸಮರ ಹೂಡಿದಾಗ ನೂರಕ್ಕೂ ಮಿಕ್ಕಿ ಹಡಗುಗಳನ್ನು ಕೊಟ್ಟದ್ದು ಈ ಪುಟ್ಟ ದ್ವೀಪ. ನೌಕಾಪಡೆಯನ್ನು ಮುನ್ನಡೆಸಿದ ಆಂದ್ರೆಯಾಸ್ ಮಿಯಾವುಲಿಸ್ ಹೆಸರಿನಲ್ಲಿ ಇಂದಿಗೂ ಪ್ರತಿ ಜೂನ್‌ನಲ್ಲಿ ಉತ್ಸವ ನಡೆಯುತ್ತದೆ. ಹಾಯಿ ಹಡಗುಗಳ ಕಾಲ ಮುಗಿದು ಉಗಿ ಹಡಗುಗಳು ಬಂದ ಮೇಲೆ ಊರಿನ ಸಿರಿ ಇಳಿಯಿತು. ಹಳೆಯ ಕಲ್ಲಿನ ಮನೆಗಳು, ಮೆಟ್ಟಿಲು ಮೆಟ್ಟಿಲಾದ ಇಕ್ಕಟ್ಟಿನ ಓಣಿಗಳು ಹಾಗೆಯೇ ಉಳಿದವು. ಕೆನಡಾದ ಕವಿ, ಗಾಯಕ ಲೆನಾರ್ಡ್ ಕೊಹೆನ್ 1960ರಲ್ಲಿ ಇಲ್ಲೊಂದು ಮನೆ ಕೊಂಡರು.

ಇನ್ನು ಇಲ್ಲಿನ ಪ್ರಸಿದ್ಧ ನಿಶ್ಶಬ್ದದ ಮಾತು. ಶಬ್ದವನ್ನು ಅಳೆಯುವ ಡೆಸಿಬೆಲ್ ಮಾಪಕ ಸಾಮಾನ್ಯ ಅಳತೆಪಟ್ಟಿಯಂತಲ್ಲ. 10 ಡೆಸಿಬೆಲ್ ಏರಿದರೆ ಶಬ್ದದ ತೀವ್ರತೆ ಹತ್ತು ಪಟ್ಟಾಗುತ್ತದೆ, 20 ಏರಿದರೆ ನೂರು ಪಟ್ಟು. ಭಾರತದಲ್ಲಿ 2000ನೇ ಇಸವಿಯ ನಿಯಮದಂತೆ ವಸತಿ ಪ್ರದೇಶದಲ್ಲಿ ಹಗಲು 55, ರಾತ್ರಿ 45 ಡೆಸಿಬೆಲ್ ಮಿತಿ. ವಾಹನ ಕಿಕ್ಕಿರಿದ ರಸ್ತೆಯ ಬದಿಯಲ್ಲಿ 75 ಇದೆಯೆಂದರೆ ಅಲ್ಲಿನ ಮಕ್ಕಳು ಹಗಲಿನ ಮಿತಿಯ ನೂರು ಪಟ್ಟು ತೀವ್ರತೆಯಲ್ಲಿ ಓದಲು ಕೂರುತ್ತಾರೆ ಎಂದಾಯಿತು. ಎಂಜಿನ್‌ಗಳ ಎಡೆಬಿಡದ ಗುಡುಗುಡು ಸಣ್ಣ ಸದ್ದುಗಳನ್ನೆಲ್ಲ ಮುಚ್ಚಿಬಿಡುತ್ತದೆ. ಹೈಡ್ರಾದಲ್ಲಿ ಆ ಮುಚ್ಚಳವಿಲ್ಲ. ಹೀಗಾಗಿ ಕಲ್ಲುಹಾಸಿನ ಮೇಲೆ ಗೊರಸಿನ ಟಕಟಕ, ಕೋಳಿಯ ಕೂಗು, ಚರ್ಚಿನ ಗಂಟೆ ಎಲ್ಲವೂ ಬಿಡಿಬಿಡಿಯಾಗಿ ಕೇಳುತ್ತವೆ. ಊರು ಬಂದರನ್ನು ಸುತ್ತುವರಿದು ಬಯಲು ರಂಗಮಂದಿರದಂತೆ ಮೇಲೇರಿರುವುದರಿಂದ ಕೆಳಗಿನ ಮಾತು ಮೇಲಿನ ಮನೆಗೂ ತಲುಪೀತು. ಹಾಗೆಂದು ಇದು ಋಷ್ಯಾಶ್ರಮವೇನಲ್ಲ. ಬೇಸಿಗೆಯ ಹಗಲಿನಲ್ಲಿ ದೋಣಿಗಳ ಮೋಟಾರು, ಪ್ರವಾಸಿಗರ ಗಲಾಟೆ ಬಂದರಿನಲ್ಲಿ ಸಾಕಷ್ಟಿರುತ್ತದೆ.

ಈ ನೆಮ್ಮದಿ ಪುಕ್ಕಟೆಯದಲ್ಲ ಎಂಬುದು ಪ್ರವಾಸಿಗರ ಛಾಯಾಚಿತ್ರಗಳಲ್ಲಿ ಕಾಣುವುದಿಲ್ಲ. ಸಿಮೆಂಟು, ಇಟ್ಟಿಗೆ, ಫ್ರಿಜ್ಜು, ತರಕಾರಿ ಎಲ್ಲವೂ ಹಡಗಿನಿಂದಿಳಿದು ಹೇಸರಗತ್ತೆಯ ಬೆನ್ನೇರಿ ಗುಡ್ಡ ಹತ್ತಬೇಕು. ಅಪ್ಪ ಕತ್ತೆ, ತಾಯಿ ಕುದುರೆ ಆಗಿ ಹುಟ್ಟುವ ಪ್ರಾಣಿ ಇದು. ಕತ್ತೆಗೆ 62, ಕುದುರೆಗೆ 64 ವರ್ಣತಂತುಗಳು, ಇದಕ್ಕೆ 63. ಬೆಸಸಂಖ್ಯೆಯ ಈ ವರ್ಣತಂತುಗಳು ಸರಿಯಾಗಿ ಜೋಡಿಯಾಗದ ಕಾರಣ ಹೇಸರಗತ್ತೆಗೆ ಸಾಮಾನ್ಯವಾಗಿ ಸಂತಾನವಿಲ್ಲ. ತಾಯಿಯ ಕಸುವು, ತಂದೆಯ ತಾಳ್ಮೆ ಎರಡೂ ಇರುವುದರಿಂದಲೇ ಮೆಟ್ಟಿಲ ಹಾದಿಗೆ ಇದು ಹೇಳಿಸಿದ್ದು. ಕಾರನ್ನು ಬೇಡವೆಂದ ಊರಿನ ಭಾರವೆಲ್ಲ ಈ ಮೂಕ ಪ್ರಾಣಿಯ ಮೇಲೆ ಬಿದ್ದಿದೆ ಎನ್ನುವುದನ್ನು ಮರೆಯುವಂತಿಲ್ಲ. ಮೇಲಿನ ಮನೆಗಳ ವೃದ್ಧರಿಗೆ ಒಂದು ಬ್ರೆಡ್ಡು ತರುವುದೂ ಮಂಡಿಯ ಪರೀಕ್ಷೆಯೇ. ಕಾಯಿಲೆ ಉಲ್ಬಣಿಸಿದರೆ ಕಡಲು ದಾಟಿಯೇ ದೊಡ್ಡ ಆಸ್ಪತ್ರೆ ಸೇರಬೇಕು.

2024ರ ಜೂನ್‌ನಲ್ಲಿ ಇಲ್ಲಿನ ಪೈನ್ ಕಾಡಿಗೆ ಬೆಂಕಿ ಬಿತ್ತು. ವಿಹಾರ ನೌಕೆಯೊಂದರಿಂದ ಹಾರಿಸಿದ ಪಟಾಕಿಯೇ ಕಾರಣವೆಂದು ಅಗ್ನಿಶಾಮಕ ದಳ ತಿಳಿಸಿತು. ಕಾಡಿಗೆ ರಸ್ತೆಯೇ ಇಲ್ಲದ್ದರಿಂದ ನೆಲದ ಮೇಲಿನ ಸಿಬ್ಬಂದಿ ದೋಣಿಯಲ್ಲಿ ಹೋಗಬೇಕಾಯಿತು. ಸುಮಾರು ಮೂರು ಲಕ್ಷ ಚದರ ಮೀಟರ್ ಕಾಡು ಸುಟ್ಟುಹೋಯಿತು. ಇಷ್ಟಾದರೂ ವಾಹನ ನಿಷೇಧ ಮುಂದುವರಿದಿದೆ.

ಅಷ್ಟು ದೂರ ಹೋಗಲಾಗದವರಿಗೆ ನಮ್ಮ ದೇಶದಲ್ಲೇ ಮಹಾರಾಷ್ಟ್ರದ ಮಾಥೇರಾನ್ ಇದೆ. ಪ್ರವಾಸಿಗರ ಕಾರುಗಳು ಈ ಗಿರಿಧಾಮದ ಹೊರಗೇ ನಿಲ್ಲಬೇಕು; ಮುಂದೆ ಕಾಲ್ನಡಿಗೆ, ಕುದುರೆ. ನೇರಳ್‌ನಿಂದ ಅಲ್ಲಿಗೆ 1907ರಲ್ಲೇ ಪುಟ್ಟ ರೈಲು ಆರಂಭವಾಯಿತು.

ಹೈಡ್ರಾಕ್ಕೆ ಹೋಗುವವರಲ್ಲಿ ಹೆಚ್ಚಿನವರು ಬೆಳಿಗ್ಗೆ ಬಂದು ಸಂಜೆಯ ಹಡಗಿಗೆ ಮರಳುತ್ತಾರೆ. ನಿಶ್ಶಬ್ದ ಬೇಕಿದ್ದವರು ಕೊನೆಯ ಹಡಗು ಹೋದ ಮೇಲೂ ಉಳಿಯಬೇಕು. ವಸಂತ ಅಥವಾ ಸೆಪ್ಟೆಂಬರ್ ನಂತರದ ದಿನಗಳಾದರೆ ಬಿಸಿಲೂ ಜನವೂ ಕಡಿಮೆ. ಚಕ್ರದ ಸೂಟ್‌ಕೇಸಿಗಿಂತ ಬೆನ್ನಿಗೇರಿಸುವ ಚೀಲ ವಾಸಿ. ಸೂಟ್‌ಕೇಸೇ ಆಗಬೇಕೆಂದರೆ ಬಂದರಿನಲ್ಲೇ ಹೇಸರಗತ್ತೆಯವನೊಡನೆ ಬಾಡಿಗೆ ಮಾತನಾಡಿಕೊಳ್ಳಬೇಕು.